ನಮ್ಮ ವಾಲಿಕಾರ ಕಾಕಾ ನಿವೃತ್ತಿ ಆದರು



ಮೊನ್ನೆ ಮೇ 31ಕ್ಕೆ ನಮ್ಮ ಅಂಕಲಗಿ ಭಾಗದ ಒಬ್ಬ ಗ್ರಾಮ ಸಹಾಯಕರು ನಿವೃತ್ತಿ ಆದರು. ಪೇಪರಿನಾಗ ಬರಲಿಲ್ಲ, ಬರೂದೂ ಇಲ್ಲ. ಸಾಹೇಬರು ಯಾರರೆ ನಿವೃತ್ತಿ ಆದರೆ ಸ್ಟ್ಯಾಂಡಿನಿಂದ ಹಿಡಿದು ಕಚೇರಿ ತನಕ ಬ್ಯಾನರ್ ಬೀಳ್ತಾವ, ಆಳೆತ್ತರದ ಹಾರ ಬರ್ತದ, ಹತ್ತು ಮಂದಿ ಭಾಷಣ ಮಾಡ್ತಾರ. ಗ್ರಾಮ ಸಹಾಯಕನಿಗೆ ಅದೆಲ್ಲ ಯಾರು ಮಾಡ್ತಾರ? ಹಂಗಾಗಿ ನಾನು ಬರೀಲಿಕ್ಕೆ ಕುಂತೇನಿ. ಉದ್ದ ಆಗ್ತದ, ಟೈಮ್ ಇದ್ದಾಗ ಓದ್ರಿ.

ಹೆಸರು ಹಾಕಿಲ್ಲ, ಫೋಟೋನೂ ಹಾಕಿಲ್ಲ. ಅವರೇ ಬೇಡ ಅಂದರು. "ನನ್ನ ಫೋಟೋ ಮೊಬೈಲದಾಗ ಹಾಕಿ ಏನ್ ಮಾಡ್ತಿ ತಮ್ಮಾ, ನನ್ನ ನೋಡಬೇಕಾದವ್ರು ದಿನಾ ನೋಡ್ತಾರ" ಅಂದರು. ಅದಕ್ಕೆ ಇಲ್ಲಿ ಅವರು ಬರೇ ಕಾಕಾ.

ಮೇ 31 ಅಂದಕೂಡ್ಲೆ ನಮ್ಮವರಿಗೆ ತಿಳಿದಿರ್ತದ. ನಮ್ಮ ಕೇರಿಯ ಅರ್ಧ ಮಂದಿ ಹುಟ್ಟಿದ್ದು ಜೂನ್ 1ಕ್ಕೇ! ಸಾಲಿಗೆ ಹೆಸರು ಹಚ್ಚುವಾಗ ಅವ್ವ "ಹ್ವಾದ ಸಲ ಮಳಿ ಹತ್ತಿದಾಗ ಹುಟ್ಟ್ಯಾನ್ರಿ" ಅಂತ ಹೇಳಿದ್ದಕ್ಕೆ ಮಾಸ್ತರರು ಬರೆದುಕೊಂಡ ತಾರೀಖು ಅದು. ಕಾಕಾನ ತಾರೀಖೂ ಅದೇ, 1965ರ ಜೂನ್ 1. ಹಂಗಾಗಿ 2025ರ ಮೇ 31ಕ್ಕೆ ಅರವತ್ತು ತುಂಬಿದವು. ಖರೇ ವಯಸ್ಸು ಎಷ್ಟು ಅಂತ ಅವರಿಗೂ ಗೊತ್ತಿಲ್ಲ.

ಗ್ರಾಮ ಸಹಾಯಕ ಅಂದರೆ ಯಾರು ಅಂತ ಈಗಿನ ಹುಡುಗರು ಕೇಳ್ತಾರ. ತಲಾಟಿ ಗೊತ್ತು. ತಲಾಟಿಗೆ ಈಗ ಗ್ರಾಮ ಆಡಳಿತ ಅಧಿಕಾರಿ ಅಂತ ಹೊಸ ಹೆಸರು ಬಂದದ. ತಲಾಟಿಯ ಕೈಕೆಳಗೆ, ಅಂದರೆ ಕಂದಾಯ ಇಲಾಖೆಯ ಕಟ್ಟಕಡೆಯ ಮೆಟ್ಟಿಲ ಮ್ಯಾಲೆ ನಿಂತವನೇ ಗ್ರಾಮ ಸಹಾಯಕ. ನಮ್ಮ ಕಡೆ ವಾಲಿಕಾರ ಅಂತಾರ. ಬೇರೆ ಕಡೆ ಓಲೆಕಾರ, ತಳವಾರ, ಕುಲವಾಡಿ. ಟಪಾಲು ಒಯ್ಯೋದು, ನೋಟಿಸ್ ಮುಟ್ಟಿಸೋದು, ಡಂಗುರ ಸಾರೋದು, ಸರ್ವೆದವರು ಬಂದರೆ ಚೈನು ಹಿಡಿಯೋದು, ಬೆಳಿ ಹಾನಿ ಆದರೆ ಹೊಲ ತೋರಿಸೋದು, ಚುನಾವಣೆ ಬಂದರೆ ಸಾಲಿ ಕೋಲಿ ಕಸ ಹೊಡೆದು ಟೇಬಲ್ ಹಾಕೋದು, ಬಾವ್ಯಾಗ ಹೆಣ ಸಿಕ್ಕರೆ ಪಂಚನಾಮೆ ಮುಗಿಯೋ ತನಕ ಕಾಯೋದು. ಇದರಾಗ ಯಾವುದು ಸರ್ಕಾರಿ ಕೆಲಸ ಅಲ್ಲ, ನೀವೇ ಹೇಳ್ರಿ. ಆದರ ಅವನಿಗೆ ಪಗಾರ ಇಲ್ಲ, ಗೌರವಧನ. ಡಿ ದರ್ಜೆ ನೌಕರ ಮಾಡ್ರಿ ಅಂತ ಗ್ರಾಮ ಸಹಾಯಕರು ಹೋರಾಟ ಮಾಡಿ ಮಾಡಿ ಎಷ್ಟು ಸರ್ಕಾರ ಬಂದು ಹೋದವು. ಗೌರವಧನ ಅಂದರೆ ಏನು ಅಂತ ನಾ ಒಮ್ಮೆ ಕಾಕಾನ ಕೇಳಿದ್ದೆ. "ಧನಾ ಅಷ್ಟ ಕೊಡ್ತಾರ ತಮ್ಮಾ, ಅದೂ ತಡಾ" ಅಂದಿದ್ರು.

ನಾನೂ ಒಂದು ಆಫೀಸಿನಾಗ ಕಾರಕೂನ. ಬಿ.ಎ. ಮಾಡಿ, ಪರೀಕ್ಷೆ ಬರೆದು ಬಂದವನು. ನನಗೆ ಕುರ್ಚಿ ಅದ, ಫ್ಯಾನ್ ಅದ, ಎರಡು ವರ್ಷಕ್ಕೊಮ್ಮೆ ತುಟ್ಟಿಭತ್ಯೆ ಬಾಕಿ ಅಂತ ಜಗಳಾಡಲಿಕ್ಕೆ ಸಂಘ ಅದ. ನನ್ನ ಟೇಬಲಿಗೆ ಬರೋ ಕಾಗದಗಳ ಹಿಂದ ಎಷ್ಟು ಮಂದಿ ಕಾಕಾಗಳು ನಡೆದಾರ ಅಂತ ನನಗೆ ಚೊಲೋ ಗೊತ್ತದ. ಫೈಲಿನಾಗ "ಸ್ಥಳ ಪರಿಶೀಲಿಸಲಾಗಿ" ಅಂತ ಒಂದು ಸಾಲು ಇರ್ತದಲ್ಲ, ಆ ಸ್ಥಳ ತೋರಿಸಿದವನು ಅವನು. ಅವನ ಹೆಸರು ಆ ಸಾಲಿನಾಗ ಇರೋದಿಲ್ಲ.

ಈಗ ಸ್ವಲ್ಪ ಹಿಂದಕ್ಕೆ ಹೋಗ್ತೀನಿ. ಈ ವಾಲಿಕಾರಕಿ ಅನ್ನೋದು ನಿನ್ನೆ ಮೊನ್ನೆಯದಲ್ಲ. ನಮ್ಮ ಬೆಳಗಾವಿ ಜಿಲ್ಲೆ 1956ರ ತನಕ ಮುಂಬೈ ಪ್ರಾಂತದಾಗ ಇತ್ತು. ಅಲ್ಲಿ 1874ರ ವತನ ಕಾಯ್ದೆ ನಡೀತಿತ್ತು. ಗೌಡಕಿ, ಕುಲಕರ್ಣಿಕಿ ದೊಡ್ಡ ವತನ. ನಮ್ಮವರದು ಕೀಳು ವತನ. ಕಾಯ್ದೆಯ ಭಾಷೆಯೊಳಗೇ ಮೇಲು ಕೀಳು ಇದ್ದವು. ಅಪ್ಪ ವಾಲಿಕಾರ ಆದರೆ ಮಗ ವಾಲಿಕಾರ. ಅದಕ್ಕೆ ಒಂದು ತುಂಡು ಹೊಲ, ಸುಗ್ಗಿಯೊಳಗ ರೈತರ ಕಣದಾಗ ನಿಂತು ಬೇಡಿ ತರೋ ಆಯ. ಸರ್ಕಾರದ ಕೆಲಸ ಮಾಡಿಸಿಕೊಂಡು ಪಗಾರ ಮಾತ್ರ ಊರವರ ಮನಿ ಮುಂದ ಸೆರಗೊಡ್ಡಿ ತಗೊಳ್ರಿ ಅಂತ ಬಿಟ್ಟ ವ್ಯವಸ್ಥೆ ಅದು.

ಇದನ್ನು ಬಾಬಾಸಾಹೇಬರಷ್ಟು ಸ್ಪಷ್ಟವಾಗಿ ಯಾರೂ ಹೇಳಿಲ್ಲ. 1927ರಾಗ ಅವರು ತಮ್ಮ 'ಬಹಿಷ್ಕೃತ ಭಾರತ' ಪತ್ರಿಕೆಯೊಳಗ ವತನದ ಬಗ್ಗೆ ಬರೆದರು. 1928ರಾಗ ಮುಂಬೈ ವಿಧಾನ ಪರಿಷತ್ತಿನೊಳಗ ಆ 1874ರ ಕಾಯ್ದೆಗೆ ತಿದ್ದುಪಡಿ ಮಸೂದೆ ತಂದರು. ನಮ್ಮವರಾಗ ಬಹಳ ಮಂದಿಗೆ ಮಹಾಡ ಗೊತ್ತು, ಕಾಳಾರಾಮ ಗುಡಿ ಗೊತ್ತು, ಪುಣೆ ಒಪ್ಪಂದ ಗೊತ್ತು. ಈ ವತನದ ಮಸೂದೆ ಗೊತ್ತಿಲ್ಲ. ಜಯಂತಿಯೊಳಗ ಡಿಜೆ ಹಚ್ಚೋ ಹುಡುಗರು ಇದನ್ನೂ ಒಂದೀಟು ಓದಬೇಕು. ವತನದಾರ ದಿನದ ಇಪ್ಪತ್ನಾಲ್ಕು ತಾಸೂ ಸರ್ಕಾರದ ಆಳು, ಅವನು ಊರಾಗ ಇಲ್ಲ ಅಂದರೆ ಅವನ ಮನಿಯ ಬೇರೆ ಗಂಡಸರನ್ನ ಹಿಡಿದು ಕೆಲಸಕ್ಕೆ ಹಚ್ಚತಾರ, ಇದು ನೌಕರಿ ಅಲ್ಲ ಗುಲಾಮಗಿರಿ ಅನ್ನೋದು ಅವರ ವಾದ. ಆಯ ಬೇಡಿ ತರೋ ಬದಲಿ ಅದನ್ನು ರೊಕ್ಕಕ್ಕೆ ಪರಿವರ್ತಿಸಿ, ಬೇಡಾದವರನ್ನ ವತನದಿಂದ ಬಿಡುಗಡೆ ಮಾಡ್ರಿ ಅಂತ ಕೇಳಿದರು. ಮಸೂದೆ ಪಾಸಾಗಲಿಲ್ಲ. ನಮ್ಮ ಮುತ್ಯಾಗಳು ಮತ್ತ ಮೂವತ್ತು ವರ್ಷ ಕಣದಾಗ ನಿಂತರು.

"ಅವನು ಇಲ್ಲ ಅಂದರೆ ಮನಿಯ ಬೇರೆಯವರನ್ನ ಹಿಡೀತಾರ" ಅನ್ನೋ ಮಾತು ಓದಿದಾಗ ನನಗೆ ಕಾಕಾ ಹೇಳಿದ್ದು ನೆನಪಾತು. 1977ರ ಸುಮಾರಿಗೆ ಅವರ ಅಪ್ಪನಿಗೆ ಜ್ವರ ಬಂದು ಹಾಸಿಗಿ ಹಿಡಿದಿದ್ದ. ಟಪಾಲು ಒಯ್ಯಬೇಕಾಗಿತ್ತು. ಚಾವಡಿಯಿಂದ ಮನಿಗೆ ಕರೆ ಬಂತು. ಹನ್ನೆರಡು ವರ್ಷದ ಹುಡುಗ, ಆರನೇತ್ತೆ ಓದೋನು, ಸಾಲಿ ಬಿಟ್ಟು ಟಪಾಲು ತಗೊಂಡು ನಡೆದ. ವತನ ಕಾಯ್ದೆ ಆಗ ಇರಲೇ ಇಲ್ಲ! ರಾಜ್ಯದ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ 1961ರಾಗ ಬಂದು, 1963ರ ಫೆಬ್ರವರಿ 1ಕ್ಕೆ ಜಾರಿ ಆಗಿ, ಹದಿನಾಲ್ಕು ವರ್ಷ ಆಗಿತ್ತು. ಕಾಯ್ದೆ ರದ್ದಾಗಿದ್ದು ಬೆಂಗಳೂರಿನಾಗ. ಚಾವಡಿಗೆ ಆ ಸುದ್ದಿ ಮುಟ್ಟಿಸಬೇಕಾದವನೇ ವಾಲಿಕಾರ, ಅವನು ಜ್ವರ ಬಂದು ಮಲಗಿದ್ದ.

ಹೊಲದ ಕತಿ ಇನ್ನೊಂದು. ಹುದ್ದೆ ರದ್ದಾದ ಮ್ಯಾಲೆ ವತನದ ಜಮೀನು ಸರ್ಕಾರಕ್ಕೆ ಹೋಗಿ, ಹಳೇ ವತನದಾರರು ಇಂತಿಷ್ಟು ರೊಕ್ಕ ತುಂಬಿದರೆ ಮರು ಮಂಜೂರಿ ಆಗಬೇಕು ಅಂತ ಕಾಯ್ದೆ. ಓದು ಬಂದವರು, ರೊಕ್ಕ ಇದ್ದವರು ತುಂಬಿದರು. ಕಾಕಾನ ಮನಿಯ ಹೊಲ ಎರಡು ಎಕರೆ ಚಿಲ್ಲರೆ. ತುಂಬಲಿಕ್ಕೆ ರೊಕ್ಕ ಕೊಟ್ಟವರು ಊರಾಗಿನ ಒಬ್ಬರು. ಉತಾರ ಬಂದ ಮ್ಯಾಲೆ ಹೊಲಾನೂ ಅವರದೇ ಆತು. ಒಂದು ಹಾಳೆ ಮ್ಯಾಲೆ ಹೆಬ್ಬಟ್ಟು, ಮುಗೀತು.

"ಪಿಟಿಸಿಎಲ್ ಕಾಯ್ದೆ ಅದಲ್ಲ, ಕೇಸ್ ಹಾಕ್ರಿ" ಅಂತ ಕಮೆಂಟ್ ಹಾಕಲಿಕ್ಕೆ ಹೊಂಟವರು ನಿಲ್ಲ್ರಿ. 1978ರ ಪಿಟಿಸಿಎಲ್ ಕಾಯ್ದೆಯೊಳಗ "ಮಂಜೂರಾದ ಜಮೀನು" ಅಂದರೆ ಏನು ಅಂತ ವ್ಯಾಖ್ಯಾನ ಅದ. ಪರಿಶಿಷ್ಟರಿಗೆ ಸರ್ಕಾರ ಕೊಟ್ಟ ಜಮೀನು, ಭೂಸುಧಾರಣೆಯೊಳಗ, ಇನಾಮು ರದ್ದತಿಯೊಳಗ ಬಂದ ಜಮೀನು ಎಲ್ಲಾ ಸೇರ್ತಾವ. ಆಮ್ಯಾಲೆ ಒಂದು ಸಣ್ಣ ತುಣುಕು: ವಂಶಪಾರಂಪರ್ಯ ಹುದ್ದೆ ಮತ್ತು ಹಕ್ಕುಗಳಿಗೆ ಸಂಬಂಧಪಟ್ಟಿದ್ದು ಹೊರತು. ಅಂದರೆ ದರಖಾಸ್ತಿನಾಗ ಪುಕ್ಕಟೆ ಸಿಕ್ಕ ಹೊಲಕ್ಕೆ ರಕ್ಷಣೆ ಅದ. ನೂರಾರು ವರ್ಷ ಹೆಣ ಕಾಯ್ದು, ಟಪಾಲು ಹೊತ್ತು, ಗಳಿಸಿದ ಹೊಲಕ್ಕೆ ಆ ರಕ್ಷಣೆ ಇಲ್ಲ. ನಾ ವಕೀಲ ಅಲ್ಲ, ಆದರ ಈ ತುಣುಕನ್ನ ಹತ್ತು ಸಲ ಓದೇನಿ. ಪ್ರತಿ ಸಲಾನೂ ಹೊಟ್ಟಿ ಉರೀತದ.

ಅಪ್ಪ ತೀರಿಕೊಂಡ ಮ್ಯಾಲೆ 1989ರಾಗ ಕಾಕಾ ಕೆಲಸಕ್ಕೆ ನಿಂತರು. ಮುಂದ ಮೂವತ್ತಾರು ವರ್ಷ. ಮೊದಲ ದಿನಗಳಾಗ ಒಂದು ಕಚೇರಿಯೊಳಗ (ಯಾವುದು ಅಂತ ಬರಿಯೂದಿಲ್ಲ) ಹರವಿ ನೀರು ಅವರು ಮುಟ್ಟೋ ಹಂಗಿರಲಿಲ್ಲ. ಬ್ಯಾರೆಯವರು ಮ್ಯಾಲಿಂದ ಹಾಕಬೇಕು, ಇವರು ಬೊಗಸಿ ಒಡ್ಡಬೇಕು. ಕಾಕಾ ಜಗಳಾಡಲಿಲ್ಲ. ಮರುದಿನದಿಂದ ಹೆಗಲ ಚೀಲದಾಗ ಒಂದು ಬಾಟ್ಲಿ ನೀರು, ಗಂಟಿನಾಗ ರೊಟ್ಟಿ. ಮೂವತ್ತಾರು ವರ್ಷ ಯಾವ ಕಚೇರಿಯ ನೀರೂ ಕುಡೀಲಿಲ್ಲ. ಹೊಸ ಸಾಹೇಬರು ಬಂದು, ಕಾಲ ಬದಲಾಗಿ, ಅವರೇ ಕರೆದು ಚಹಾ ಕೊಟ್ಟರೂ "ಬ್ಯಾಡ್ರಿ ಸಾಹೇಬ್ರ, ಹೊಟ್ಟಿ ಸರಿ ಇಲ್ರಿ" ಅಂತಿದ್ದರು. ಬಾಬಾಸಾಹೇಬರು 1917ರಾಗ ಬರೋಡಾ ಸಂಸ್ಥಾನದ ನೌಕರಿಗೆ ಹೋದಾಗ ಜವಾನರು ಫೈಲು ದೂರದಿಂದ ಒಗೀತಿದ್ದರು ಅಂತ ಓದ್ತೀವಿ. ಅವರು ಕೊಲಂಬಿಯಾದಾಗ ಓದಿ ಬಂದವರು. ಕಾಕಾ ಆರನೇತ್ತೆ. ಕಾಕಾಗ ಆ ಬರೋಡಾ ಕತಿ ನಾ ಹೇಳಿದ್ದು ಬಹಳ ತಡಾ ಆಗಿ. ಕೇಳಿ ಸುಮ್ಮನಾದರು. ಆಮ್ಯಾಲೆ "ಅವ್ರು ಅಲ್ಲಿ ಎಷ್ಟ ದಿನಾ ಇದ್ರು?" ಅಂತ ಕೇಳಿದರು. ಬಹಳ ದಿನ ಇರಲಿಲ್ಲ, ಇರಲಿಕ್ಕೆ ಮನಿ ಸಿಗದ ಬಿಟ್ಟು ಬಂದರು ಅಂದೆ. "ನಮಗ ಬಿಡಾಕ ಬರಲಿಲ್ಲ ನೋಡು" ಅಂದರು.

ಹೆಣ ಕಾಯೋದರ ಬಗ್ಗೆ ಕಾಕಾ ಹೆಚ್ಚು ಮಾತಾಡೋದಿಲ್ಲ. ಅವರ ಹೆಂಡ್ತಿ, ನಮ್ಮ ಕಾಕು, ಹೇಳಿದ್ದು. ಒಮ್ಮೆ ಚಳಿಗಾಲದಾಗ ಹೊಳಿದಂಡಿ ಹೊಲದಾಗ ಗುರುತಿಲ್ಲದ ಒಂದು ಹೆಣ. ಸಂಜೆ ಆಗಿತ್ತು, ಡಾಕ್ಟರು ಬರೋದು ಮರುದಿನ. ರಾತ್ರಿ ಪೂರಾ ನಾಯಿ ಹೊಡಕೋತ ಕುಂತರು. ಮುಂಜಾನಿ ಮನಿಗೆ ಬಂದಾಗ ಮೈಮ್ಯಾಲೆ ಕಂಬಳಿ ಇರಲಿಲ್ಲ. "ಎಲ್ಲಿ ಬಿಟ್ರಿ" ಅಂದರೆ "ಅದಕ್ಕ ಹೊಚ್ಚೀನಿ, ಹೆಣ್ಣಮಗಳು" ಅಂದರಂತೆ. ಆ ಕಂಬಳಿ ಯಾವ ಪಂಚನಾಮೆಯೊಳಗೂ ಬರೆದಿಲ್ಲ. ಹೊಸ ಕಂಬಳಿ ಕೊಳ್ಳಲಿಕ್ಕೆ ಮುಂದಿನ ಗೌರವಧನ ಬರೋ ತನಕ ಕಾಯಬೇಕಾತು.

2019ರ ಆಗಸ್ಟ್ ಯಾರು ಮರೀತಾರ? ಘಟಪ್ರಭಾ, ಮಾರ್ಕಂಡೇಯ ಎರಡೂ ತುಂಬಿ ಗೋಕಾಕ ಪಟ್ಟಣಕ್ಕೇ ನೀರು ಹೊಕ್ಕಿತು. ಲೋಳಸೂರ ಸೇತುವೆ ಮುಳುಗಿತ್ತು. ಆಗ ಕಾಕಾನ ಒಂದು ಹೊಳಿದಂಡಿ ಊರಿಗೆ ಡ್ಯೂಟಿ ಹಾಕಿದ್ದರು. ನೀರು ಇಳಿದ ಮ್ಯಾಲೆ ಮನಿ ಬಿದ್ದಿದ್ದರ ಸರ್ವೆ. ಎ, ಬಿ, ಸಿ ಅಂತ ವರ್ಗ. ಎ ಅಂದರೆ ಪೂರ್ತಿ ಬಿದ್ದಿದ್ದು, ಐದು ಲಕ್ಷ. ಸಿ ಅಂದರೆ ಸ್ವಲ್ಪ ಹಾನಿ, ಐವತ್ತು ಸಾವಿರ. ಒಂದಕ್ಷರದ ಮ್ಯಾಲೆ ನಾಲ್ಕೂವರೆ ಲಕ್ಷ ರೂಪಾಯಿ ನಿಂತಿತ್ತು. ಅಂಥಾ ಹೊತ್ತಿನಾಗ ಏನೇನು ನಡೀತಾವ ಅಂತ ನಿಮಗೆ ಹೇಳಬೇಕಾಗಿಲ್ಲ.

ನಮ್ಮ ಕೇರಿಗಳ ಗೋಳು ಬ್ಯಾರೆ. ಮಣ್ಣಿನ ಗ್ವಾಡಿ, ಮೂರು ದಿನ ನೀರಾಗ ನಿಂತರೆ ಕರಗಿ ಹೊಳೀಗೆ ಹೋಗ್ತಾವ. ನೀರು ಇಳಿದಾಗ ಅಲ್ಲಿ ಮನಿ ಇತ್ತು ಅನ್ನೋ ಗುರುತೇ ಇರೋದಿಲ್ಲ. ಉತಾರ ಕೇಳಿದರೆ ಉತಾರ ಇಲ್ಲ, ಗಾಂವಠಾಣದಾಗ ಮುತ್ಯಾನ ಕಾಲದಿಂದ ಕುಂತ ಮನಿಗಳು. ಮನಿಯೂ ಇಲ್ಲ, ಕಾಗದಾನೂ ಇಲ್ಲ. ಸರ್ವೆಗೆ ಬಂದ ಹುಡುಗರು ಹೊಸಬರು, ಮೊಬೈಲ್ ಹಿಡಿದು ಬಯಲಿನಾಗ ನಿಂತು "ಫೋಟೋ ಯಾವುದರದು ತೆಗೀಬೇಕು" ಅಂತಿದ್ದರು.

ಕಾಕಾ ಕೆಸರಿನಾಗ ಇಳಿದರು. ಕೋಲು ತಗೊಂಡು ಗೆರಿ ಹೊಡಕೋತ ಹೋದರು. "ಇಲ್ಲಿ ಒಲಿ ಇತ್ರಿ. ಇದು ಬಚ್ಚಲಾ. ಇದು ಬಾಗಲಾ, ಇಲ್ಲಿ ನೋಡ್ರಿ ಹೊಸ್ತಲ ಕಲ್ಲ." ಕೆಸರು ಬಗೆದರೆ ಕಲ್ಲು ಸಿಕ್ಕಿತು. ಹಿಂಗ ಒಂದೊಂದೇ ಮನಿ. ಯಾರ ಮನಿಯಾಗ ಎಷ್ಟು ಮಂದಿ, ಯಾವ ಅವ್ವ ಒಬ್ಬಾಕಿನೇ ಇರ್ತಿದ್ದಳು, ಯಾರು ದುಡಿಯಾಕ ಗೋವಾಕ್ಕ ಹೋಗ್ಯಾರ, ಎಲ್ಲಾ ಬಾಯಾಗ. ಅದು ಅವರ ಊರಲ್ಲ, ಆದರ ಮೂವತ್ತು ವರ್ಷ ನೋಟಿಸ್ ಕೊಟ್ಟ ಊರು. ಅವತ್ತು ಅಲ್ಲಿ ನಾನೂ ಪರಿಹಾರದ ಜ್ವಾಳ ಹಂಚಲಿಕ್ಕೆ ನಮ್ಮ ಸಂಘಟನೆಯ ಹುಡುಗರ ಜೊತಿ ಹೋಗಿದ್ದೆ, ಕಣ್ಣಾರೆ ನೋಡಿದ್ದು. ಸರ್ವೆ ಹುಡುಗ "ಇದಕ್ಕ ದಾಖಲೆ ಏನದ?" ಅಂತ ಕೇಳಿದ. ಕಾಕಾ ಹೊಸ್ತಲ ಕಲ್ಲಿನ ಮ್ಯಾಲೆ ಕಾಲಿಟ್ಟು ನಿಂತು "ಪಂಚನಾಮೆ ಮಾಡ್ರಿ, ಸಾಕ್ಷಿ ನನ್ನ ಹೆಸರ ಬರೀರಿ. ಸುಳ್ಳಾದ್ರ ನನ್ನ ಕೆಲಸಾ ತಗೀರಿ" ಅಂದರು. ಆ ಸಾಲಿನಾಗಿನ ಕೆಲವು ಮನಿ ಎ ಆದವು, ಕೆಲವು ಆಗಲಿಲ್ಲ. ಆಗದವರ ಅರ್ಜಿ ಹಿಡಿದು ಮುಂದ ಎರಡು ವರ್ಷ ನಾವು ತಿರುಗಿದ್ದು ಬ್ಯಾರೆ ಕತಿ. ಒಬ್ಬರು ಬಿ ಇದ್ದದ್ದು ಎ ಮಾಡಿಸಲಿಕ್ಕೆ ಕಾಕಾನ ಕಿಸೆಯೊಳಗ ಐದುನೂರರ ನೋಟು ತುರುಕಿದ್ದೂ ಉಂಟು. ಕಾಕಾ ತೆಗೆದು ಅವರ ಮನಿಯ ಕಟ್ಟಿ ಮ್ಯಾಲೆ ಇಟ್ಟು, ಹಾರಿ ಹೋಗಬಾರದು ಅಂತ ಅದರ ಮ್ಯಾಲೊಂದು ಕಲ್ಲಿಟ್ಟು ಬಂದರು.

ಈಗ ಭೂಮಿ ತಂತ್ರಾಂಶ ಬಂದದ, ದಿಶಾಂಕ್ ಆ್ಯಪ್ ಬಂದದ. ನಿಂತ ಜಾಗದಾಗ ಸರ್ವೆ ನಂಬರ್ ತೋರಿಸ್ತದ, ಚೊಲೋನೇ ಆತು. ಹೊಸ ಗ್ರಾಮ ಆಡಳಿತ ಅಧಿಕಾರಿಗಳು ಓದಿದ ಹುಡುಗರು, ಹುಡುಗ್ಯಾರು. ಕಾಕಾನ ಬಗ್ಗೆ ಅವರಿಗೆ ಗೌರವಾನೂ ಅದ. ಒಬ್ಬ ತಾಯಿ ತಾನೇ ಮುಂದ ನಿಂತು ನಿವೃತ್ತಿಯ ದಿನ ಶಾಲು, ಹಣ್ಣಿನ ಬುಟ್ಟಿ ತರಿಸಿದ್ದರು. ಚಾವಡಿ ಕಟ್ಟಿ ಮ್ಯಾಲೆ ಕುರ್ಚಿ ಹಾಕಿ ಕೂಡಿಸಿದರು. ಯಾವ ಕಟ್ಟಿ ಕೆಳಗ ಕಾಕಾನ ಅಪ್ಪ ಚಪ್ಪಲಿ ಬಿಟ್ಟು ನಿಲ್ತಿದ್ದನೋ ಅದೇ ಕಟ್ಟಿ. ನಮ್ಮ ಹುಡುಗರು ಬಾಬಾಸಾಹೇಬರ ಫೋಟೋ ಕೊಟ್ಟರು. ನಾಕು ಮಂದಿ ಮಾತಾಡಿದರು, ನಾನೂ ಮಾತಾಡಿದೆ.

ಅಲ್ಲೇ ಒಂದು ಮಾತು ನಡೀತು. ಅದಕ್ಕಾಗಿಯೇ ಈ ಪೋಸ್ಟ್ ಬರೀಲಿಕ್ಕೆ ಕುಂತದ್ದು ಅಂದರೂ ನಡೀತದ.

ಒಬ್ಬ ಹಿರಿಯರು, ಒಳ್ಳೇ ಮನಸಿನಿಂದಲೇ, "ಇನ್ನ ನಿನ್ನ ಮಗನ್ನ ಹಚ್ಚು, ನಾವು ಸಾಹೇಬರಿಗೆ ಹೇಳ್ತೀವಿ. ಊರಿಗೆ ವಾಲಿಕಾರಂದ್ರ ನಿಮ್ಮ ಮನಿನ ಆಗಬೇಕು" ಅಂದರು. ಎಲ್ಲರೂ ಚಪ್ಪಾಳೆ ಹೊಡೆದರು. ನಾನೂ ಹೊಡೆದೆ. ಯಾಕಂದರೆ ನಿವೃತ್ತಿ ಆದ ಗ್ರಾಮ ಸಹಾಯಕರ ಮನಿಯವರಿಗೇ ಆ ಕೆಲಸ ಕೊಡ್ರಿ ಅಂತ ನಾವೇ ಮನವಿ ಕೊಟ್ಟವರು. ಪಿಂಚಣಿ ಇಲ್ಲದ ಮನಿ, ಇನ್ನೇನು ಆಸರೆ?

ಕಾಕಾ ಕುರ್ಚಿಯಿಂದ ಎದ್ದರು. ಮೈಕ್ ಮುಂದ ಮಾತಾಡಿದ್ದು ಜೀವನದಾಗ ಅದೊಂದೇ ಸಲ ಇರಬೇಕು. "ನನ್ನ ಮಗಾ ಬರೂದಿಲ್ರಿ. ಕೆಲಸಾ ಐತಿ ಅಂದ್ರ ಪೇಪರಿನ್ಯಾಗ ಹಾಕ್ರಿ. ಎಲ್ಲಾರೂ ಅರ್ಜಿ ಹಾಕ್ಲಿ. ಗೌಡ್ರ ಮಗಾನೂ ಹಾಕ್ಲಿ, ಹೆಣ ಕಾಯ್ಲಿ" ಅಂದು ಕುಂತರು. ನಗಬೇಕೋ ಸುಮ್ಮನಿರಬೇಕೋ ತಿಳೀಲಿಲ್ಲ ಮಂದಿಗೆ. ಆ ಹಿರಿಯರ ಮಾರಿ ಸಣ್ಣದಾತು.

ಮನಿಗೆ ಬಂದ ಮ್ಯಾಲೆ ನಾ ಕಾಕಾನ ಜೊತಿ ಜಗಳಾಡಿದೆ. ಮಗ ಐ.ಟಿ.ಐ. ಮಾಡಿ ಬೆಳಗಾವಿ ಉದ್ಯಮಬಾಗದಾಗ ಗುತ್ತಿಗೆ ಮ್ಯಾಲೆ ದುಡೀತಾನ, ಇವತ್ತು ಇದ್ದ ಕೆಲಸ ನಾಳೆ ಇಲ್ಲ. ಕಾಕುಗೆ ಸಕ್ಕರಿ ಬ್ಯಾನಿ. ಬಾಬಾಸಾಹೇಬರ ಮಸೂದೆ ತೊಂಬತ್ತೇಳು ವರ್ಷದ ಹಿಂದಿಂದು, ಇವತ್ತು ಮನಿಯೊಳಗ ಬರೋ ರೊಕ್ಕ ಯಾಕ ಬಿಡಬೇಕು? ಕಾಕಾ ಕೇಳಿಕೊಂಡರು. "ಅವಾ ಹನ್ನೆರಡ ವರ್ಷದಾವ ಇದ್ದಾಗ ನನಗ ಜ್ವರ ಬಂದಿತ್ತು. ಚಾವಡಿಗೆ ಹೋಗಂತ ನಾ ಕಳಸಲಿಲ್ಲ. ಈಗ ಕಳಸ್ಲೇನು?" ಅಂದರು. ನನಗೆ ಉತ್ತರ ಕೊಡಲಿಕ್ಕೆ ಬರಲಿಲ್ಲ. ಆದರೂ ನಾ ಪೂರಾ ಒಪ್ಪಿಲ್ಲ. ನಿಮ್ಮಲ್ಲಿ ಯಾರಿಗರೆ ಇದರ ಬಗ್ಗೆ ಬ್ಯಾರೆ ಅಭಿಪ್ರಾಯ ಇದ್ದರೆ ಬರೀರಿ, ಬೈಗಳ ಬ್ಯಾಡ.

ಮಗನ ಮಾತು ಬಿಟ್ಟು, ಕಾಕಾನ ಹಕ್ಕಿನ ಮಾತಿಗೆ ಬರ್ತೀನಿ. ಮೂವತ್ತಾರು ವರ್ಷ ದುಡಿದವನಿಗೆ ಗ್ರ್ಯಾಚುಟಿ ಯಾಕಿಲ್ಲ? 2022ರ ಏಪ್ರಿಲ್ 25ಕ್ಕೆ ಸುಪ್ರೀಂ ಕೋರ್ಟು ಅಂಗನವಾಡಿ ಕಾರ್ಯಕರ್ತೆಯರಿಗೂ ಸಹಾಯಕಿಯರಿಗೂ 1972ರ ಗ್ರ್ಯಾಚುಟಿ ಕಾಯ್ದೆ ಅನ್ವಯ ಆಗ್ತದ ಅಂತ ತೀರ್ಪು ಕೊಟ್ಟದ. ಗುಜರಾತದ ಕೇಸು ಅದು. ಅಲ್ಲಿನೂ ಸರ್ಕಾರದ ವಾದ ಇದೇ ಇತ್ತು: ಕೊಡೋದು ಗೌರವಧನ, ಪಗಾರ ಅಲ್ಲ. ಕೋರ್ಟು ಒಪ್ಪಲಿಲ್ಲ. ಆ ತೀರ್ಪು ಗ್ರಾಮ ಸಹಾಯಕರಿಗೆ ತಾನಾಗೇ ಹತ್ತೂದಿಲ್ಲ, ಗೊತ್ತದ ನನಗ. ಆದರ ಕೇಳಲಿಕ್ಕೆ ಅದು ಗಟ್ಟಿ ಆಧಾರ. ನಮ್ಮ ಅಕ್ಕ ತಂಗ್ಯಾರು ಬೀದಿಗಿಳಿದು, ಕೋರ್ಟಿಗೆ ಹೋಗಿ ಮಾಡಿದ ದಾರಿ ಅದು, ನಾವೂ ನಡೀಬೇಕು.

ಅರ್ಜಿ ನಾನೇ ಬರೆದೇನಿ, ಮೂರು ಪುಟ. ಸೇವೆಗೆ ಸೇರಿದ ಆದೇಶದ ನಕಲು ಕಾಕಾನ ಟ್ರಂಕಿನ್ಯಾಗ ಸಿಕ್ಕಿತು, ಗೆದ್ದಲು ಒಂದು ಮೂಲಿ ತಿಂದದ, ನಂಬರ್ ಮಾತ್ರ ಓದಲಿಕ್ಕೆ ಬರ್ತದ. ಮುಂದಿನ ಸೋಮವಾರ ಗೋಕಾಕಕ್ಕ ತಹಶೀಲ್ದಾರ ಸಾಹೇಬರಿಗೆ ಕೊಡ್ತೀವಿ. ಹುಕ್ಕೇರಿ, ಮೂಡಲಗಿ ಕಡೆ ನಿವೃತ್ತಿ ಆದ ಗ್ರಾಮ ಸಹಾಯಕರು ಇದ್ದರೆ ತಮ್ಮ ತಮ್ಮ ತಾಲೂಕಿನಾಗ ಕೊಡಲಿಕ್ಕೆ ಇದೇ ಅರ್ಜಿ ನಕಲು ಕಳಸ್ತೀನಿ, ಮೆಸೇಜ್ ಮಾಡ್ರಿ. ಆದೇಶ ಪ್ರತಿ, ಬ್ಯಾಂಕ್ ಪಾಸ್‌ಬುಕ್ಕಿನ ಹಳೇ ಪುಟ, ಯಾವುದೇ ಡ್ಯೂಟಿ ಹಾಕಿದ ಕಾಗದ ಇದ್ದರೂ ಝೆರಾಕ್ಸ್ ಮಾಡಿಸಿ ಇಟ್ಟುಕೊಳ್ರಿ. ಚುನಾವಣೆ ಡ್ಯೂಟಿದು ಆದರೂ ನಡೀತದ.

ನಮ್ಮ ಜೊತಿ ಬರೋರು ಮುಂಜಾನಿ ಒಂಬತ್ತಕ್ಕ ಅಂಕಲಗಿ ಬಸ್ ಸ್ಟ್ಯಾಂಡಿಗೆ ಬರ್ರಿ. ಕಾಕಾನೂ ಬರ್ತಾರ. ನೀರಿನ ಬಾಟ್ಲಿ ಅವರೇ ತರ್ತಾರ.

ಜೈ ಭೀಮ್.